ಊರ ಹೆಸರಿಲ್ಲದ ವಿಳಾಸ

ಪ್ರಶ್ನೆ: ನಮ್ಮ ಮಾವ 1965ರ ಯುದ್ಧದ ಕಾಲದಲ್ಲಿ ವಾಯುಪಡೆಯಲ್ಲಿ ಪೈಲಟ್ ಆಗಿದ್ದರು. ಅವರು ಅತ್ತೆಗೆ ಬರೆದ ಪತ್ರಗಳಲ್ಲಿ ಊರಿನ ಹೆಸರೇ ಇಲ್ಲ, ‘56 ಎಪಿಒ’ ಎಂದಷ್ಟೇ ಇದೆ. ಯುದ್ಧ ನಡೆಯುವಾಗ ಅಂಥವರ ದಿನ ಹೇಗೆ ಕಳೆಯುತ್ತಿತ್ತು? ಹೆಂಡತಿಗೆ ಏನು ತಿಳಿಯುತ್ತಿತ್ತು?
— ಓದುಗರೊಬ್ಬರು, ಕುರುಬರಹಳ್ಳಿ, ಬೆಂಗಳೂರು

ಉತ್ತರ: ಊರು ಬರೆಯದೇ ಇದ್ದದ್ದು ಮರೆವಿನಿಂದಲ್ಲ, ಸೇನಾ ಅಂಚೆಯ ಕ್ರಮವೇ ಹಾಗೆ. ಹುದ್ದೆ, ಹೆಸರು, ಸ್ಕ್ವಾಡ್ರನ್, ಕೆಳಗೆ ಕೇರಾಫ್ 56 ಎಪಿಒ, ಅಂದರೆ ಆರ್ಮಿ ಪೋಸ್ಟ್ ಆಫೀಸ್. ಪೂರ್ವ ಗಡಿಯ ಕಡೆಯಾದರೆ 99 ಎಪಿಒ. ನಿಮ್ಮ ಅತ್ತೆ ಅಂಚೆಡಬ್ಬಿಗೆ ಹಾಕಿದ ಇನ್‌ಲ್ಯಾಂಡ್ ಪತ್ರ ಸೇನಾ ಅಂಚೆಯವರ ಕೈಸೇರಿ, ಘಟಕ ಆಗ ಎಲ್ಲಿತ್ತೋ ಅಲ್ಲಿಗೆ ಹೋಗುತ್ತಿತ್ತು. ಮೊಹರಿನಲ್ಲೂ ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ ಮತ್ತು ತಾರೀಖು ಮಾತ್ರ. ದಯವಿಟ್ಟು ಆ ಪತ್ರಗಳಲ್ಲಿ ಒಂದನ್ನೂ ಎಸೆಯಬೇಡಿ. ಸಂಖ್ಯೆ, ತಾರೀಖು ಎರಡನ್ನೂ ಹೊಂದಿಸಿ ನೋಡಿ ಆ ಕಚೇರಿ ಅಂದು ಎಲ್ಲಿತ್ತೆಂದು ಹೇಳಬಲ್ಲ ಅಂಚೆ ಸಂಗ್ರಾಹಕರು ಇದ್ದಾರೆ.

ದಿನದ ಬಹುಪಾಲು ಕಾಯುವುದರಲ್ಲೇ ಹೋಗುತ್ತಿತ್ತು. ಸೂರ್ಯ ಹುಟ್ಟುವ ಮುಂಚೆ ಎದ್ದು ಕ್ರೂ ರೂಮಿಗೆ. ಕಾವಲಿನ ಸರದಿ ಬಂದ ಪೈಲಟ್ ರನ್‌ವೇ ತುದಿಯಲ್ಲಿ ನಿಂತ ವಿಮಾನದೊಳಗೆ ಪಟ್ಟಿ ಬಿಗಿದುಕೊಂಡು, ಆಜ್ಞೆ ಬಂದರೆ ಎರಡು ನಿಮಿಷದಲ್ಲಿ ಮೇಲೇರಲು ಸಿದ್ಧನಾಗಿ ಕೂರಬೇಕು. ಸರದಿ ಮುಗಿದವರಿಗೆ ಚಹಾ, ಇಸ್ಪೀಟು, ಕುರ್ಚಿಯಲ್ಲೇ ಒಂದು ಜೋಂಪು. ಊಟ ಆಫೀಸರ್ಸ್ ಮೆಸ್ಸಿನದು. ಬಟ್ಟೆ ಧೋಬಿಗೆ, ಬೆಳಗಿನ ಚಹಾ ತರುವವನು ಬೇರರ್. ರಾತ್ರಿ ಬ್ಲಾಕ್‌ಔಟ್. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಕೋಣೆಯಲ್ಲಿ ಕೂತು ಮನೆಗೆ ಪತ್ರ. ಅದರಲ್ಲಿ ಜಾಗ, ವಿಮಾನ, ಹಾರಾಟ ಯಾವುದನ್ನೂ ಬರೆಯುವಂತಿಲ್ಲ. ಉಳಿದದ್ದು ಮಕ್ಕಳ ಓದು, ಮನೆ ಬಾಡಿಗೆ, ಅಪ್ಪನ ಕೆಮ್ಮು. ಅಂಥ ಪತ್ರ ಸಪ್ಪೆಯಾಗಿ ಕಂಡರೆ ಬರೆದವರಿಗೆ ಹೇಳಲು ಏನೂ ಇರಲಿಲ್ಲವೆಂದು ತಿಳಿಯಬೇಡಿ.

ಹೆಂಡತಿಗೆ ಯುದ್ಧದ ಸುದ್ದಿ ಬರುತ್ತಿದ್ದುದು ಆಕಾಶವಾಣಿಯ ವಾರ್ತೆಯಿಂದ. ವಾರ್ತೆಯಲ್ಲಿ ವಿಮಾನಗಳ ಲೆಕ್ಕ ಇರುತ್ತಿತ್ತು, ಗಂಡನ ಸುದ್ದಿ ಇರುತ್ತಿರಲಿಲ್ಲ. ಮನೆಯಲ್ಲಿ ಫೋನ್ ಇದ್ದವರು ಬೆರಳೆಣಿಕೆಯಷ್ಟು. ಕೈಗೆ ಬಂದ ಪತ್ರವೂ ಬರೆದ ದಿನ ಅವರು ಕ್ಷೇಮವಾಗಿದ್ದರು ಎಂಬುದನ್ನಷ್ಟೇ ಹೇಳುತ್ತಿತ್ತು. ನನ್ನ ಪ್ರಕಾರ ಇಬ್ಬರಲ್ಲಿ ಹೆಚ್ಚು ಕಷ್ಟದ ಪಾಲು ಮನೆಯಲ್ಲಿದ್ದವರದೇ.

ಅಧಿಕಾರಿ ತೀರಿಕೊಂಡರೆ, ಅಥವಾ ಯುದ್ಧದಲ್ಲಿ ಕಾಣೆಯಾದರೆ, ಅವರ ಸಾಮಾನಿಗೂ ಒಂದು ಕಾನೂನಿದೆ. 1950ರ ಕಾಯ್ದೆಯಂತೆ ‘ಕಮಿಟಿ ಆಫ್ ಅಡ್ಜಸ್ಟ್‌ಮೆಂಟ್’ ಎಂಬ ಸಮಿತಿ ಬಿಡಾರದಲ್ಲಿದ್ದ ವಸ್ತುಗಳನ್ನು ಪಟ್ಟಿ ಮಾಡುತ್ತದೆ. ಮೆಸ್ಸಿನ ಬಾಕಿಯಂಥ ಸಾಲಗಳನ್ನು ತೀರಿಸಿ ಮಿಕ್ಕಿದ್ದನ್ನು ವಾರಸುದಾರರಿಗೆ ಸೇರುವಂತೆ ಮಾಡುತ್ತದೆ. ಮನುಷ್ಯ ಎಲ್ಲಿದ್ದಾನೆಂದು ಗೊತ್ತಾಗುವ ಮುಂಚೆಯೇ ಅವನ ಅಂಗಿ, ಪುಸ್ತಕ, ಶೇವಿಂಗ್ ಸೆಟ್ ಪಟ್ಟಿಗೆ ಸೇರಿಹೋಗಬಹುದು.

ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಹೀಗೆ ಕಾಣೆಯಾದವರು. ಪಂಜಾಬಿನ ಆದಂಪುರದಲ್ಲಿ ಒಂದನೇ ಸ್ಕ್ವಾಡ್ರನ್‌ನಲ್ಲಿದ್ದರು, ಮಿಸ್ಟೇರ್ ವಿಮಾನ ಹಾರಿಸುತ್ತಿದ್ದರು. 1965ರ ಸೆಪ್ಟೆಂಬರ್ 6ರ ರಾತ್ರಿ ಪಾಕಿಸ್ತಾನ ಆದಂಪುರದ ಸುತ್ತ ಪ್ಯಾರಾಚೂಟ್ ಸೈನಿಕರನ್ನು ಇಳಿಸಿತ್ತು. 7ರ ನಸುಕಿನಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹನ್ನೆರಡು ವಿಮಾನ ಹೊರಟಾಗ ದೇವಯ್ಯ ಮೀಸಲಿನಲ್ಲಿದ್ದವರು. ಆದರೂ ಹೋದರು, ಹಿಂದಿರುಗಲಿಲ್ಲ. ಅಂದು ಅವರು ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದ್ದರೆಂದು ನಮ್ಮವರಿಗೆ ತಿಳಿದದ್ದು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ತಂದ ಪುಸ್ತಕದಿಂದ. ಸರ್ಕಾರ ಮಹಾವೀರ ಚಕ್ರ ಕೊಟ್ಟಿದ್ದು 1988ರಲ್ಲಿ. ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸುವ ಹೊತ್ತಿಗೆ, ಗಂಡ ಆ ನಸುಕಿನಲ್ಲಿ ಏನು ಮಾಡಿದರೆಂಬ ಉತ್ತರಕ್ಕೆ ಅವರು ಹತ್ತಾರು ವರ್ಷ ಕಾದಿದ್ದರು.