ಪೇಪರ್ ಜೊತೆ ಡೇಟಾನೂ ಕೊಡಿ, ಕೋಡೂ ಕೊಡಿ



ನಮ್ಮ ಸಂಘದಲ್ಲಿ ಬಹಳ ಜನ ಈಗ ಮಾಸ್ಟರ್ಸ್ ಥೀಸಿಸ್ ಬರೀತಾ ಇದ್ದೀರಿ, ಕೆಲವರು ಪಿಎಚ್‌ಡಿ ಶುರು ಮಾಡಿದ್ದೀರಿ. ಜರ್ಮನಿಗೆ ಬಂದ ಮೇಲೆ "ಓಪನ್ ಡೇಟಾ", "ಓಪನ್ ಸೈನ್ಸ್" ಅನ್ನೋ ಮಾತು ಆಗಾಗ ಕಿವಿಗೆ ಬೀಳುತ್ತೆ. ಮೊದಲು ನಾನು ಇದನ್ನ ಪ್ರೊಫೆಸರ್‌ಗಳ ಫಾರ್ಮಾಲಿಟಿ ಅಂದುಕೊಂಡಿದ್ದೆ. ನನ್ನದೇ ಒಂದು ತಪ್ಪು ಹೊರಗೆ ಬಿದ್ದ ಮೇಲೆ ಅಭಿಪ್ರಾಯ ಬದಲಾಯ್ತು. ಆ ಕಥೆಯಿಂದಲೇ ಶುರು ಮಾಡ್ತೀನಿ. ಆಮೇಲೆ ವಿದ್ಯಾರ್ಥಿಗಳಾಗಿ ನಾವು ಏನು ಮಾಡಬಹುದು ಅಂತ ಹಂತ ಹಂತವಾಗಿ ನೋಡೋಣ.

ಓಹಾಯೋದ ಮೋಟರ್, ನಮ್ಮೂರಿನ ಲ್ಯಾಪ್‌ಟಾಪ್

ನಾನು ಓದಿದ್ದು ಮೆಕ್ಯಾನಿಕಲ್, ಕರ್ನಾಟಕದ ಒಂದು ಸಣ್ಣ ಕಾಲೇಜಿನಲ್ಲಿ. ಫೈನಲ್ ಇಯರ್ ಪ್ರಾಜೆಕ್ಟ್ ಏನಂದ್ರೆ, ಬೇರಿಂಗ್ ಕೆಟ್ಟಿದೆಯಾ ಇಲ್ಲವಾ ಅಂತ ಅದರ ಕಂಪನದಿಂದಲೇ ಗುರುತಿಸುವುದು. ಇದಕ್ಕೆ ಟೆಸ್ಟ್ ರಿಗ್ ಬೇಕು, ಆಕ್ಸೆಲರೋಮೀಟರ್ ಬೇಕು, ಬೇಕಂತಲೇ ಹಾಳು ಮಾಡಿದ ಬೇರಿಂಗ್‌ಗಳು ಬೇಕು. ನಮ್ಮ ಲ್ಯಾಬಿನಲ್ಲಿ ಇದ್ಯಾವುದೂ ಇರಲಿಲ್ಲ. ಆದರೂ ಪ್ರಾಜೆಕ್ಟ್ ಮುಗಿಯಿತು.

ಹೇಗೆ ಅಂದ್ರೆ, ಅಮೆರಿಕದ ಓಹಾಯೋದಲ್ಲಿರುವ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದವರು ಆ ಪ್ರಯೋಗವನ್ನ ಎಷ್ಟೋ ವರ್ಷಗಳ ಹಿಂದೆಯೇ ಮಾಡಿ ಇಟ್ಟಿದ್ದರು. 2 ಅಶ್ವಶಕ್ತಿಯ ಮೋಟರ್. ಅದರ ಬೇರಿಂಗ್‌ಗಳಲ್ಲಿ ವಿದ್ಯುತ್ ಕಿಡಿಯಿಂದ ಕೊರೆದ ಸಣ್ಣ ಗುಳಿಗಳು, 0.007 ಇಂಚಿನಿಂದ ಶುರು. ಸೆಕೆಂಡಿಗೆ 12,000 ಸಲ, ಕೆಲವು ಕಡೆ 48,000 ಸಲ ಕಂಪನದ ಅಳತೆ. ಎಲ್ಲ ಫೈಲುಗಳನ್ನೂ ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳುವ ಹಾಗೆ ನೆಟ್‌ನಲ್ಲಿ ಇಟ್ಟುಬಿಟ್ಟರು. ಬೇರಿಂಗ್ ದೋಷದ ಬಗ್ಗೆ ಇವತ್ತು ಯಾವ ದೇಶದ ಪೇಪರ್ ತೆಗೆದರೂ ಈ ಡೇಟಾ ಕಾಣಿಸುತ್ತೆ. ರಿಗ್ ಇಲ್ಲದ ಕಾಲೇಜಿನ ನಾಲ್ಕು ಹುಡುಗರು ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಪ್ರಾಜೆಕ್ಟ್ ಮಾಡಿದ್ದು ಆ ಪುಣ್ಯಾತ್ಮರಿಂದ.

ನಮ್ಮ ಮಾಡೆಲ್ ಶೇ. 99 ಸರಿ ಉತ್ತರ ಕೊಡ್ತಿತ್ತು. ವೈವಾದಲ್ಲಿ ಶಭಾಷ್ ಸಿಕ್ಕಿತು. ಇಲ್ಲಿಗೆ ಅರ್ಜಿ ಹಾಕುವಾಗ ಎಸ್‌ಒಪಿಯಲ್ಲಿ ಆ 99ನ್ನ ಮೊದಲ ಪ್ಯಾರಾದಲ್ಲೇ ಬರೆದಿದ್ದೆ.

ಇಲ್ಲಿಗೆ ಬಂದು ಒಂದು ಸೆಮಿಸ್ಟರ್ ಆಗಿತ್ತು. ಅದೇ ಕಾಲೇಜಿನ ಜೂನಿಯರ್ ಒಬ್ಬಳು ಇಮೇಲ್ ಮಾಡಿ, "ಅಣ್ಣಾ, ನಿಮ್ಮ ಪ್ರಾಜೆಕ್ಟ್ ಮುಂದುವರಿಸ್ತಾ ಇದ್ದೀವಿ, ಕೋಡ್ ಕೊಡ್ತೀರಾ?" ಅಂತ ಕೇಳಿದಳು. ಎರಡು ವಾರ ಉತ್ತರ ಬರೆಯಲಿಲ್ಲ. ಬ್ಯುಸಿ ಇದ್ದೆ ಅಂತಲ್ಲ, ನಾಚಿಕೆ. ಫೋಲ್ಡರ್ ತೆಗೆದರೆ ಫೈನಲ್, ಫೈನಲ್ 2, ರಿಯಲ್ ಫೈನಲ್ ಅಂತ ಮೂರು ಫೈಲು. ಯಾವುದರಿಂದ 99 ಬಂತು ಅಂತ ನನಗೇ ಗೊತ್ತಿಲ್ಲ! ಕೊನೆಗೆ ಮೂರನ್ನೂ ಕಳಿಸಿದೆ. ಅವಳ ಕಂಪ್ಯೂಟರಿನಲ್ಲಿ ಒಂದೂ ಓಡಲಿಲ್ಲ, ಯಾಕಂದ್ರೆ ಕೋಡ್ ತುಂಬ ನನ್ನ ಲ್ಯಾಪ್‌ಟಾಪಿನ ಡಿ ಡ್ರೈವ್ ವಿಳಾಸ. ಮೂರು ಸಲ ವೀಡಿಯೊ ಕಾಲ್ ಮಾಡಿದ ಮೇಲೆ ಓಡಿತು. ನಾಲ್ಕನೇ ಸಲ ಅವಳೇ ಕಾಲ್ ಮಾಡಿ ಮೆಲ್ಲಗೆ ಕೇಳಿದಳು: "ಅಣ್ಣಾ, ಒಂದೇ ರೆಕಾರ್ಡಿಂಗ್‌ನ ತುಂಡುಗಳು ಟ್ರೇನಿಂಗ್‌ನಲ್ಲೂ ಇವೆ, ಟೆಸ್ಟ್‌ನಲ್ಲೂ ಇವೆ ಅಲ್ವಾ?"

ಹೌದು, ಇದ್ದವು. ಉದ್ದನೆಯ ರೆಕಾರ್ಡಿಂಗನ್ನ ಸಣ್ಣ ತುಂಡು ಮಾಡಿ, ಎಲ್ಲ ಕಲಸಿ, ಆಮೇಲೆ ಟ್ರೇನಿಂಗ್ ಮತ್ತು ಟೆಸ್ಟ್ ಅಂತ ಭಾಗ ಮಾಡಿದ್ದೆವು. ಹಿಂದಿನ ದಿನ ಪ್ರಶ್ನೆಪತ್ರಿಕೆ ಕೊಟ್ಟು ಮಾರನೇ ದಿನ ಪರೀಕ್ಷೆ ಮಾಡಿದ ಹಾಗೆ. ಮಾಡೆಲ್ ದೋಷವನ್ನ ಕಲಿತಿರಲಿಲ್ಲ, ಆ ಬೇರಿಂಗ್‌ಗಳನ್ನ ಬಾಯಿಪಾಠ ಮಾಡಿತ್ತು. ಒಂದೇ ಬೇರಿಂಗ್ ಎರಡೂ ಕಡೆ ಬರದ ಹಾಗೆ ಅವಳು ಬೇರ್ಪಡಿಸಿ ನೋಡಿದಾಗ 99 ಹೋಗಿ ಎಪ್ಪತ್ತರ ಆಸುಪಾಸಿಗೆ ಬಂತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆದರೆ ಯೋಚನೆ ಮಾಡಿದರೆ, ಆ ತಪ್ಪು ಸಿಕ್ಕಿದ್ದೇ ಡೇಟಾ, ಕೋಡ್ ಎರಡೂ ಅವಳ ಕೈಯಲ್ಲಿ ಇದ್ದದ್ದರಿಂದ. ಬರೀ ರಿಪೋರ್ಟ್ ಓದಿದ್ದರೆ ನನ್ನ 99 ಲೈಬ್ರರಿ ಕಪಾಟಿನಲ್ಲಿ ಶಾಶ್ವತವಾಗಿ ಕೂತಿರುತ್ತಿತ್ತು.

ದೊಡ್ಡವರ ತಪ್ಪೂ ಹೀಗೇ ಸಿಕ್ಕಿದ್ದು

ಇದು ವಿದ್ಯಾರ್ಥಿಗಳ ಕಥೆ ಮಾತ್ರ ಅಲ್ಲ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಅನ್ನೋ ಹೆಸರಾಂತ ಅರ್ಥಶಾಸ್ತ್ರಜ್ಞರು ಒಂದು ಪೇಪರ್ ಪ್ರಕಟಿಸಿದರು. ದೇಶದ ಸಾಲ ಜಿಡಿಪಿಯ ಶೇ. 90 ದಾಟಿದರೆ ಸರಾಸರಿ ಬೆಳವಣಿಗೆ ಮೈನಸ್ 0.1ಕ್ಕೆ ಇಳಿಯುತ್ತೆ ಅಂತ ಅವರ ಲೆಕ್ಕ. ಯುರೋಪ್ ಸಾಲದ ಬಿಕ್ಕಟ್ಟಿನಲ್ಲಿದ್ದ ಕಾಲ ಅದು. ಸರ್ಕಾರದ ಖರ್ಚು ಕಡಿತ ಮಾಡಬೇಕು ಅನ್ನುವವರು ಈ ಪೇಪರನ್ನ ಕೈಯಲ್ಲಿ ಹಿಡಿದು ಮಾತಾಡಿದರು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್‌ನಲ್ಲಿ ಥಾಮಸ್ ಹರ್ನ್‌ಡನ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿ ಇದ್ದರು. ಪ್ರಕಟವಾದ ಒಂದು ಪೇಪರ್ ಆರಿಸಿಕೊಂಡು ಅದರ ಫಲಿತಾಂಶ ಮತ್ತೆ ಬರುತ್ತಾ ನೋಡು ಅನ್ನೋದು ಅವರ ಒಂದು ಕೋರ್ಸಿನ ಹೋಮ್‌ವರ್ಕ್. ಅವರು ಇದನ್ನೇ ಆರಿಸಿಕೊಂಡರು. ಎಷ್ಟು ಮಾಡಿದರೂ ಆ ಸಂಖ್ಯೆ ಬರಲೇ ಇಲ್ಲ. ಕೊನೆಗೆ ಲೇಖಕರಿಗೇ ಬರೆದರು. ಅವರು ಎಕ್ಸೆಲ್ ಫೈಲನ್ನೇ ಕಳಿಸಿಕೊಟ್ಟರು. ತೆಗೆದು ನೋಡಿದರೆ ಸರಾಸರಿಯ ಫಾರ್ಮುಲಾ 20 ದೇಶಗಳಲ್ಲಿ 15ನ್ನ ಮಾತ್ರ ಹಿಡಿದಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಈ ಐದೂ ಹೊರಗೆ. ಇದರ ಜೊತೆ ಕೆಲವು ದೇಶಗಳ ಕೆಲವು ವರ್ಷಗಳನ್ನ ಬಿಟ್ಟಿದ್ದು, ಸರಾಸರಿ ತೆಗೆದ ರೀತಿ, ಇವೂ ಚರ್ಚೆಗೆ ಬಂದವು. 2013ರಲ್ಲಿ ಹರ್ನ್‌ಡನ್ ಮತ್ತು ಅವರ ಇಬ್ಬರು ಪ್ರೊಫೆಸರ್‌ಗಳು ಲೆಕ್ಕ ಸರಿಮಾಡಿ ತೋರಿಸಿದಾಗ ಮೈನಸ್ 0.1 ಇದ್ದದ್ದು ಪ್ಲಸ್ 2.2 ಆಯ್ತು. ಮೂಲ ಲೇಖಕರು ಎಕ್ಸೆಲ್ ತಪ್ಪನ್ನ ಒಪ್ಪಿಕೊಂಡರು. ಸಾಲ ಹೆಚ್ಚಾದರೆ ಬೆಳವಣಿಗೆ ಕಡಿಮೆ ಅನ್ನೋ ತಮ್ಮ ಮುಖ್ಯ ವಾದ ಮಾತ್ರ ನಿಲ್ಲುತ್ತೆ ಅಂದರು. ಆ ವಾದ ಇರಲಿ. ಆ ಫೈಲು ಪೇಪರ್ ಜೊತೆಗೇ ಹೊರಗೆ ಬಂದಿದ್ದರೆ ಮೂರು ವರ್ಷ ಕಾಯಬೇಕಿತ್ತಾ?

ಕೋಡಿನ ವಿಷಯಕ್ಕೂ ಒಂದು ಉದಾಹರಣೆ ಇದೆ. ರಸಾಯನಶಾಸ್ತ್ರದ ಎನ್‌ಎಂಆರ್ ಲೆಕ್ಕಕ್ಕೆ ಅಂತ 2014ರಲ್ಲಿ ಕೆಲವು ಪೈಥಾನ್ ಸ್ಕ್ರಿಪ್ಟ್‌ಗಳು ಪೇಪರ್ ಜೊತೆಗೇ ಪ್ರಕಟವಾದವು. ಬಹಳ ಜನ ಬಳಸಿದರು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಗಮನಿಸಿದ್ದು ಏನಂದ್ರೆ, ಅದೇ ಸ್ಕ್ರಿಪ್ಟ್, ಅದೇ ಡೇಟಾ, ಆದರೆ ಆಪರೇಟಿಂಗ್ ಸಿಸ್ಟಮ್ ಬದಲಾದರೆ ಉತ್ತರ ಬೇರೆ! ಕಾರಣ ಸಣ್ಣದು. ಫೋಲ್ಡರಿನ ಫೈಲುಗಳ ಪಟ್ಟಿ ಒಂದೊಂದು ಸಿಸ್ಟಮ್‌ನಲ್ಲಿ ಒಂದೊಂದು ಕ್ರಮದಲ್ಲಿ ಬರ್ತಿತ್ತು. ಕೋಡ್ ಅದನ್ನ ಸಾರ್ಟ್ ಮಾಡದೇ ಬಳಸ್ತಿತ್ತು. ಸರಿಮಾಡಲು ಪಟ್ಟಿಯನ್ನ ಸಾರ್ಟ್ ಮಾಡಿದರೆ ಸಾಕು. ಕೋಡ್ ಬಚ್ಚಿಟ್ಟಿದ್ದರೆ ಇದು ಯಾರಿಗೂ ಕಾಣ್ತಿರಲಿಲ್ಲ.

"ಕೇಳಿದರೆ ಕೊಡ್ತೀವಿ" ಅನ್ನೋದು ಸಾಲದು

ಬಹಳ ಪೇಪರ್‌ಗಳ ಕೊನೆಯಲ್ಲಿ "ಸೂಕ್ತ ಕೋರಿಕೆ ಬಂದರೆ ಡೇಟಾ ಕೊಡಲಾಗುವುದು" ಅಂತ ಒಂದು ಸಾಲು ಇರುತ್ತೆ. ನಾನೂ ನನ್ನ ಥೀಸಿಸ್‌ಗೆ ಹೀಗೆ ಒಬ್ಬರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಎರಡು ವಾರ ಸುಮ್ಮನೆ ಕೂತಿದ್ದ ನಾನು ಅವರನ್ನ ಬೈಯುವ ಹಾಗೂ ಇಲ್ಲ.

2022ರ ಒಂದು ಅಧ್ಯಯನ ಇಂಥ 1792 ಪೇಪರ್‌ಗಳ ಲೇಖಕರಿಗೆ ನಿಜವಾಗಿಯೂ ಬರೆದು ಕೇಳಿತು. ಡೇಟಾ ಕೊಟ್ಟವರು 122 ಜನ, ಅಂದರೆ ನೂರಕ್ಕೆ ಏಳು ಜನ ಕೂಡ ಇಲ್ಲ. ಇನ್ನೊಂದು ಅಧ್ಯಯನದಲ್ಲಿ, 2 ರಿಂದ 22 ವರ್ಷ ಹಳೆಯ 516 ಪೇಪರ್‌ಗಳನ್ನ ನೋಡಿದಾಗ, ಡೇಟಾ ಇನ್ನೂ ಉಳಿದಿರುವ ಸಂಭವ ವರ್ಷಕ್ಕೆ ಸುಮಾರು ಶೇ. 17ರಂತೆ ಇಳಿಯುತ್ತಾ ಹೋಗುತ್ತೆ ಅಂತ ಗೊತ್ತಾಯ್ತು. ಇಮೇಲ್ ವಿಳಾಸ ಸತ್ತಿರುತ್ತೆ, ಹಳೇ ಡ್ರೈವ್ ಓದಲು ಯಂತ್ರವೇ ಇರಲ್ಲ. ಬಹುಪಾಲು ಇದು ದುರುದ್ದೇಶ ಅಲ್ಲ, ಮರೆವು. ಹಾಗಾಗಿ ಕೊಡೋದನ್ನ ಪೇಪರ್ ದಿನವೇ ಕೊಟ್ಟುಬಿಡಬೇಕು.

ನಾವು ಮಾಡಬಹುದಾದ ಆರು ಕೆಲಸ

1. ಮೂಲ ಡೇಟಾ ಮುಟ್ಟಬೇಡಿ. ಅಳತೆ ಬಂದ ಹಾಗೇ ಒಂದು ಫೋಲ್ಡರಿನಲ್ಲಿ ಇಟ್ಟು, ರೀಡ್-ಓನ್ಲಿ ಮಾಡಿ. ಶುದ್ಧ ಮಾಡಿದ್ದು ಬೇರೆ ಫೋಲ್ಡರಿಗೆ, ಅದೂ ಕೋಡ್ ಮೂಲಕ. ಟೇಬಲ್ ಇದ್ದರೆ ಸಿಎಸ್‌ವಿ ಆಗಿ ಇಡಿ, ಎಕ್ಸೆಲ್‌ನಲ್ಲಿ ತೆಗೆದು ಸೇವ್ ಮಾಡುವಾಗ ಹುಷಾರು. ಮಾರ್ಚ್1 ಅನ್ನೋ ಜೀನ್ ಹೆಸರನ್ನ ಎಕ್ಸೆಲ್ ತಾರೀಖು ಮಾಡಿಬಿಡ್ತಿತ್ತು. ಈ ಕಾಟ ತಾಳಲಾರದೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯ್ತು!

2. ರೀಡ್‌ಮಿ ಬರೆಯಿರಿ. ಯಾವ ಕಾಲಮ್ ಏನು, ಯೂನಿಟ್ ಏನು, ಯಾವ ಸೆನ್ಸರ್, ಸೆಕೆಂಡಿಗೆ ಎಷ್ಟು ಸ್ಯಾಂಪಲ್, ಯಾವ ಫೈಲನ್ನ ಮೊದಲು ಓಡಿಸಬೇಕು. ಒಂದು ಪುಟ ಸಾಕು. ಆರು ತಿಂಗಳ ನಂತರದ ನೀವೇ ಅದರ ಮೊದಲ ಓದುಗ.

3. ಬೇರೆ ಕಂಪ್ಯೂಟರಿನಲ್ಲೂ ಓಡುವ ಹಾಗೆ ಬರೆಯಿರಿ. ಡಿ ಡ್ರೈವ್ ಥರದ ವಿಳಾಸ ಬೇಡ, ಪ್ರಾಜೆಕ್ಟ್ ಫೋಲ್ಡರಿನಿಂದ ಶುರುವಾಗುವ ವಿಳಾಸ ಕೊಡಿ. ಲೈಬ್ರರಿಗಳ ವರ್ಷನ್ ಪಟ್ಟಿ ಜೊತೆಗಿಡಿ. ರ್‍ಯಾಂಡಮ್ ಸೀಡ್ ನಿಗದಿ ಮಾಡಿ. ಫೈಲುಗಳನ್ನ ಸಾರ್ಟ್ ಮಾಡಿ. ಗಿಟ್ ಕಲಿತರೆ ಫೈನಲ್ 2, ರಿಯಲ್ ಫೈನಲ್ ಗೋಜಲು ತಪ್ಪುತ್ತೆ.

4. ಲೈಸೆನ್ಸ್ ಹಾಕಿ. ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುತ್ತೆ ಅಂದ ಮಾತ್ರಕ್ಕೆ ಎಲ್ಲರೂ ಬಳಸಬಹುದು ಅಂತಲ್ಲ. ಲೈಸೆನ್ಸ್ ಇಲ್ಲದಿದ್ದರೆ ಹಕ್ಕೆಲ್ಲ ಬರೆದವರದ್ದೇ. ಕೋಡಿಗೆ ಎಂಐಟಿ ಅಥವಾ ಅಪಾಚೆ 2.0, ಡೇಟಾಗೆ ಸಿಸಿ ಬೈ 4.0 ಸಾಮಾನ್ಯ.

5. ಶಾಶ್ವತ ಜಾಗದಲ್ಲಿ ಇಡಿ. ಗಿಟ್‌ಹಬ್ ರೆಪೊಸಿಟರಿಯನ್ನ ಯಾವಾಗ ಬೇಕಾದರೂ ಅಳಿಸಬಹುದು. ಜಿನೀವಾ ಬಳಿಯ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಝೆನೋಡೋದಲ್ಲಿ ಹಾಕಿದರೆ ಡಿಒಐ ಸಿಗುತ್ತೆ. ಅದನ್ನ ಪೇಪರ್ ಥರಾನೇ ಸೈಟ್ ಮಾಡಬಹುದು, ಸಿವಿಯಲ್ಲೂ ಹಾಕಬಹುದು. ಇದು ಉಚಿತ, ಒಂದು ರೆಕಾರ್ಡಿಗೆ 50 ಜಿಬಿವರೆಗೆ ಜಾಗ. ಗಿಟ್‌ಹಬ್ ಜೊತೆ ಜೋಡಿಸಿದರೆ ಪ್ರತಿ ರಿಲೀಸ್ ತಾನಾಗಿಯೇ ಅಲ್ಲಿ ಸೇರುತ್ತೆ.

6. ಸ್ನೇಹಿತರ ಕೈಯಲ್ಲಿ ಓಡಿಸಿ. ಇದೇ ಎಲ್ಲಕ್ಕಿಂತ ಮುಖ್ಯ. ನೀವು ಪಕ್ಕದಲ್ಲಿ ಕೂತು ಏನೂ ಹೇಳದೆ, ಬರೀ ರೀಡ್‌ಮಿ ನೋಡಿಕೊಂಡು ಅವರು ನಿಮ್ಮ ಒಂದು ಗ್ರಾಫ್ ತರಿಸಬೇಕು. ಎಲ್ಲಿ ನಿಂತರೋ ಅಲ್ಲಿ ನಿಮ್ಮ ಕೆಲಸ ಬಾಕಿ ಇದೆ.

ಎಲ್ಲವನ್ನೂ ಹಂಚಲಾಗದು

ಇಲ್ಲಿ ಹುಷಾರಾಗಿರಬೇಕು. ಮನುಷ್ಯರ ಡೇಟಾ ಇದ್ದರೆ, ಅಂದರೆ ಸಂದರ್ಶನ, ಆರೋಗ್ಯ, ಧ್ವನಿ, ಮುಖ ಇಂಥದ್ದಿದ್ದರೆ, ಯುರೋಪಿನ ಡೇಟಾ ಸುರಕ್ಷಾ ಕಾನೂನು ಅನ್ವಯಿಸುತ್ತೆ. ಹೆಸರು ತೆಗೆದರೆ ಮಾತ್ರ ಸಾಲದು. ಊರು, ವಯಸ್ಸು, ಕೆಲಸ ಸೇರಿಸಿದರೆ ಮನುಷ್ಯ ಸಿಕ್ಕಿಬಿಡ್ತಾನೆ. ಕಂಪನಿಯಲ್ಲಿ ಥೀಸಿಸ್ ಮಾಡುವವರು ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಕೇಳಿ: ಕೋಡಿನ ಯಾವ ಭಾಗ ಹೊರಗೆ ಕೊಡಬಹುದು? ಡೇಟಾ ಕೊಡಲಾಗದಿದ್ದರೆ ಅದೇ ರೂಪದ ಕೃತಕ ಮಾದರಿ ಫೈಲು ಕೊಡಬಹುದಾ? ಹಿವಿ ಕೆಲಸದಲ್ಲಿ ಬರೆದ ಕೋಡಿನ ಹಕ್ಕು ಸಾಮಾನ್ಯವಾಗಿ ಕೆಲಸ ಕೊಟ್ಟವರದ್ದು, ಹಾಗಾಗಿ ಸೂಪರ್‌ವೈಸರ್ ಒಪ್ಪಿಗೆ ಬೇಕು.

"ಯಾರಾದರೂ ಐಡಿಯಾ ಕದ್ದರೆ?" ಅಂತ ಕೇಳ್ತಾರೆ. ಝೆನೋಡೋದಲ್ಲಿ ತಾರೀಖು ದಾಖಲಾಗುತ್ತೆ, ಅದೇ ನಿಮ್ಮ ಸಾಕ್ಷಿ. ಪೇಪರ್ ಬರುವವರೆಗೆ ಫೈಲುಗಳನ್ನ ಮುಚ್ಚಿಡುವ ಅವಕಾಶವೂ ಇದೆ. ಆದರೆ ನಿಜ ಹೇಳಬೇಕಂದ್ರೆ ನಮ್ಮಲ್ಲಿ ಹೆಚ್ಚಿನವರನ್ನ ತಡೆಯೋದು ಕಳ್ಳರ ಭಯ ಅಲ್ಲ. ನನ್ನ ಕೋಡ್ ನೋಡಿ ನಗ್ತಾರೆ, ತಪ್ಪು ಸಿಗುತ್ತೆ ಅನ್ನೋ ಭಯ. ನನಗೆ ಎರಡನೆಯದು ಆಯ್ತು, ಮೊದಲನೆಯದು ಆಗಲಿಲ್ಲ. ಆ ಹುಡುಗಿ ನಗಲಿಲ್ಲ.

ಆಮೇಲೆ ನಾನು ನಮ್ಮ ಪ್ರಾಜೆಕ್ಟ್ ಗೈಡ್‌ಗೆ ಬರೆದು ವಿಷಯ ತಿಳಿಸಿದೆ. ಕೋಡನ್ನ ಶುದ್ಧ ಮಾಡಿ ಹೊರಗೆ ಇಟ್ಟೆ. ರೀಡ್‌ಮಿಯ ಮೊದಲ ಸಾಲಿನಲ್ಲೇ, ಹಳೆಯ ರಿಪೋರ್ಟಿನ 99 ತಪ್ಪು, ಕಾರಣ ಇದು, ಹಿಡಿದವರು ಇವರು ಅಂತ ಅವಳ ಒಪ್ಪಿಗೆ ಪಡೆದು ಹೆಸರು ಹಾಕಿದ್ದೀನಿ. ಈಗಿನ ಥೀಸಿಸ್‌ಗೆ ಇಲ್ಲಿಯದೇ ಪಾಡರ್‌ಬೋರ್ನ್ ವಿಶ್ವವಿದ್ಯಾಲಯದವರು ಮುಕ್ತವಾಗಿ ಕೊಟ್ಟಿರುವ 32 ಬೇರಿಂಗ್‌ಗಳ ಡೇಟಾ ಬಳಸ್ತಾ ಇದ್ದೀನಿ, ಬೇರಿಂಗ್ ಪ್ರಕಾರ ಬೇರ್ಪಡಿಸಿ. ಈ ಸಲ ಅಂಕಿ ಅಷ್ಟು ಚೆಂದ ಇಲ್ಲ. ಆದರೆ ನಾಳೆ ನಮ್ಮೂರಿನ ಯಾವುದೋ ಕಾಲೇಜಿನ ಹುಡುಗ ಓಡಿಸಿ ನೋಡಿದರೆ ಅವನಿಗೂ ಅದೇ ಅಂಕಿ ಬರುತ್ತೆ.

ಕೊನೆಗೆ ಒಂದು ಕೋರಿಕೆ. ಥೀಸಿಸ್ ಸಬ್ಮಿಟ್ ಮಾಡುವ ಒಂದು ತಿಂಗಳ ಮುಂಚೆ ನಿಮ್ಮ ಫೋಲ್ಡರನ್ನ ಸಂಘದ ಯಾರಿಗಾದರೂ ಓಡಿಸಲು ಕೊಡಿ. ಯಾರೂ ಸಿಗದಿದ್ದರೆ ನನಗೆ ಕೊಡಿ, ನನ್ನದನ್ನ ನೀವು ತಗೊಳ್ಳಿ. "ರನ್ ಆಗ್ತಿಲ್ಲ ಗುರೂ" ಅನ್ನೋ ಮಾತು ಎಕ್ಸಾಮಿನರ್ ಬಾಯಲ್ಲಿ ಕೇಳೋದಕ್ಕಿಂತ ಕನ್ನಡದಲ್ಲಿ ಕೇಳೋದು ವಾಸಿ ಅಲ್ವಾ?