ಧಕ್ಕೆಯಲ್ಲಿ ಗುಡುಗುವ ಇಂಜಿನ್ ಬಲೆ ಎಳೆಯುವಾಗ ಸೋಲುವುದೇಕೆ?

ಪ್ರಶ್ನೆ: ನಮ್ಮ ತಂದೆಯವರದು ಟ್ರಾಲ್ ಬೋಟು. ಮಳೆಗಾಲದ ರಜೆ ಮುಗಿಸಿ ಆಗಸ್ಟಿನಲ್ಲಿ ಕಡಲಿಗೆ ಇಳಿದಾಗಿನಿಂದ ಒಂದೇ ಗೋಳು. ಧಕ್ಕೆಯಲ್ಲಿ ನಿಲ್ಲಿಸಿ ರೇಸ್ ಕೊಟ್ಟರೆ ಇಂಜಿನ್ ಚೆನ್ನಾಗಿ ಓಡುತ್ತದೆ. ಬಲೆ ಬಿಟ್ಟು ಎಳೆಯಲು ಶುರು ಮಾಡಿದ ಅರ್ಧ ಗಂಟೆಗೆ ಪಿಕಪ್ ಬಿದ್ದುಹೋಗುತ್ತದೆ. ಪಂಪು, ನಾಜಲ್ ಎರಡನ್ನೂ ಬಿಚ್ಚಬೇಕು ಎನ್ನುತ್ತಿದ್ದಾರೆ ಮೆಕ್ಯಾನಿಕ್. ಲೋಡ್ ಇಲ್ಲದಾಗ ಸರಿಯಾಗಿರುವ ಇಂಜಿನ್ ಲೋಡ್ ಬಿದ್ದಾಗ ಮಾತ್ರ ಸೋಲುವುದು ಯಾಕೆ?
– ಓದುಗರೊಬ್ಬರು, ಗಂಗೊಳ್ಳಿ

ಉತ್ತರ: ಪಂಪು ಈಗಲೇ ಬಿಚ್ಚಿಸಬೇಡಿ. ನೀವು ಬರೆದ ಲಕ್ಷಣ ನೋಡಿದರೆ ತಪ್ಪು ಇಂಜಿನ್ನಿನ ಒಳಗಿಗಿಂತ ಹೊರಗೆ ಇರುವ ಸಂಭವವೇ ಹೆಚ್ಚು. ಪಂಪು, ನಾಜಲ್‌ಗೆ ದುಡ್ಡು ಸುರಿಯುವ ಮೊದಲು ಒಂದು ಕ್ಯಾನ್ ಡೀಸೆಲ್, ಎರಡು ಮೀಟರ್ ಪಾರದರ್ಶಕ ಪೈಪ್ ಇಟ್ಟುಕೊಂಡು ಮಾಡಬಹುದಾದ ಪರೀಕ್ಷೆಯೊಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಧಕ್ಕೆಯಲ್ಲಿ ನ್ಯೂಟ್ರಲ್‌ನಲ್ಲಿಟ್ಟು ರೇಸ್ ಕೊಟ್ಟಾಗ ಇಂಜಿನ್ನಿಗೆ ಕೆಲಸವೇ ಇಲ್ಲ. ತನ್ನನ್ನು ತಾನು ತಿರುಗಿಸಿಕೊಂಡರೆ ಸಾಕು. ಫ್ಯಾನ್, ಅಂದರೆ ಪ್ರೊಪೆಲರ್, ನೀರನ್ನು ತಳ್ಳತೊಡಗಿದಾಗ ಲೆಕ್ಕ ಬೇರೆಯಾಗುತ್ತದೆ. ಫ್ಯಾನ್ ತಿರುಗಿಸಲು ಬೇಕಾದ ಶಕ್ತಿ ಹೆಚ್ಚುಕಡಿಮೆ ಸುತ್ತಿನ ಘನದ ಪ್ರಮಾಣದಲ್ಲಿ ಏರುತ್ತದೆ. ಅಂದರೆ ಸುತ್ತು ಅರ್ಧಕ್ಕೆ ಇಳಿದರೆ ಬೇಕಾಗುವ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಪೂರ್ತಿ ಸುತ್ತಿನ ಶೇ. 80ರಲ್ಲಿ ಓಡುವಾಗಲೂ ಇಂಜಿನ್ ಕೊಡುತ್ತಿರುವುದು ಅರ್ಧ ಶಕ್ತಿ ಮಾತ್ರ. ಉಳಿದ ಅರ್ಧ ಇರುವುದು ಕೊನೆಯ ಆ ಐದನೇ ಒಂದು ಪಾಲು ಸುತ್ತಿನಲ್ಲಿ.

ಇದನ್ನು ಡೀಸೆಲ್‌ನ ಲೆಕ್ಕದಲ್ಲಿ ನೋಡಿ. 120 ಅಶ್ವಶಕ್ತಿಯ ಇಂಜಿನ್ ಸುಮ್ಮನೆ ಗುಟುಗುಟು ಎನ್ನುವಾಗ ಗಂಟೆಗೆ ಒಂದೆರಡು ಲೀಟರ್ ಕುಡಿದರೆ, ಪೂರ್ತಿ ಲೋಡಿನಲ್ಲಿ ಸುಮಾರು 25 ಲೀಟರ್ ಬೇಡುತ್ತದೆ. ಕಸ ಕಟ್ಟಿದ ಲೈನಿನಲ್ಲಿ ಗಂಟೆಗೆ 10 ಲೀಟರ್ ಮಾತ್ರ ಹರಿಯುತ್ತದೆ ಎಂದುಕೊಳ್ಳಿ. ಧಕ್ಕೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬಲೆ ಎಳೆಯುವಾಗ ಹತ್ತಾಳು ಉಣ್ಣುವ ಜಾಗದಲ್ಲಿ ನಾಲ್ಕಾಳಿನ ಅನ್ನ ಬಡಿಸಿದಂತಾಗುತ್ತದೆ.

ಹಾಗಾಗಿ ಈ ರೋಗವನ್ನು ಕಡಲಿನಲ್ಲೇ, ಲೋಡ್ ಇರುವಾಗಲೇ ನೋಡಬೇಕು. ಇಂಜಿನ್ ಸುಸ್ತಾಗುವ ಹೊತ್ತಿಗೆ ಒಬ್ಬರು ಸೈಲೆನ್ಸರ್ ಹೊಗೆಯ ಮೇಲೆ, ಇನ್ನೊಬ್ಬರು ಸುತ್ತು ತೋರಿಸುವ ಮೀಟರಿನ ಮೇಲೆ ಕಣ್ಣಿಡಲಿ. ಸುತ್ತು ಬಿದ್ದು, ಹೊಗೆ ಹೆಚ್ಚಾಗದಿದ್ದರೆ ಇಂಜಿನ್ನಿಗೆ ಡೀಸೆಲ್ ಸಾಲುತ್ತಿಲ್ಲ. ಸುತ್ತು ಬಿದ್ದು ಕಪ್ಪು ಹೊಗೆ ಉಗುಳಿದರೆ ಡೀಸೆಲ್ ಬರುತ್ತಿದೆ, ಅದನ್ನು ಉರಿಸುವಷ್ಟು ಗಾಳಿ ಇಲ್ಲ, ಇಲ್ಲವೇ ಹೊರೆ ಇಂಜಿನ್ನಿನ ತಾಕತ್ತನ್ನು ಮೀರಿದೆ. ಸುತ್ತು ಸರಿಯಾಗಿಯೇ ಇದ್ದು ಬೋಟು ಮಾತ್ರ ಮುಂದಕ್ಕೆ ಹೋಗದಿದ್ದರೆ ಇಂಜಿನ್ನನ್ನು ಬಿಟ್ಟುಬಿಡಿ, ಗೇರ್ ಬಾಕ್ಸ್ ಜಾರುತ್ತಿದೆಯೇ, ಫ್ಯಾನಿನ ಎಲೆ ಮುರಿದಿದೆಯೇ ನೋಡಿ. ಎಷ್ಟೋ ಮೆಕ್ಯಾನಿಕ್‌ಗಳು ಇದನ್ನು ಕೇಳುವುದೇ ಇಲ್ಲ ಎಂಬುದು ನನ್ನ ನೋವು. ಧಕ್ಕೆಗೆ ಬಂದು, ಸ್ಟಾರ್ಟ್ ಮಾಡಿ, ಶಬ್ದ ಕೇಳಿ ಸ್ಪ್ಯಾನರ್ ಎತ್ತುತ್ತಾರೆ.

ನಿಮ್ಮ ಪತ್ರದಲ್ಲಿ ಎರಡು ಸುಳಿವುಗಳಿವೆ. ಒಂದು ಆಗಸ್ಟ್. ಇನ್ನೊಂದು ಅರ್ಧ ಗಂಟೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಬೋಟು ನಿಂತಿರುತ್ತದೆ. ಟ್ಯಾಂಕಿನಲ್ಲಿ ಅರ್ಧ ಡೀಸೆಲ್ ಇದ್ದರೆ ಉಳಿದರ್ಧ ಮಳೆಗಾಲದ ತೇವದ ಗಾಳಿ. ರಾತ್ರಿ ತಂಪಿಗೆ ಅದು ತಗಡಿನ ಒಳಮೈಯಲ್ಲಿ ಬೆವರುತ್ತದೆ, ಹನಿ ಇಳಿದು ಡೀಸೆಲ್‌ಗಿಂತ ಭಾರವಾದ ನೀರು ತಳ ಸೇರುತ್ತದೆ. ಆ ನೀರು ಮತ್ತು ಡೀಸೆಲ್ ಕೂಡುವ ಗಡಿಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಫಿಲ್ಟರ್ ಬಟ್ಟಲು ಬಿಚ್ಚಿ ಅಡಿಯಲ್ಲಿ ಬೆರಳಾಡಿಸಿ ನೋಡಿ: ಕಂದು ಬಣ್ಣದ ಲೋಳೆ ಬೆರಳಿಗೆ ಅಂಟಿ ಎಳೆ ಎಳೆಯಾಗಿ ಬರುತ್ತದೆ, ಹುಳಿ ನಾತ ಹೊಡೆಯುತ್ತದೆ. ಬಂದರಿನ ನಿಂತ ನೀರಿನಲ್ಲಿ ಅದು ತಳದಲ್ಲಿ ತೆಪ್ಪಗಿರುತ್ತದೆ. ಕಡಲ ತೆರೆಗೆ ಬೋಟು ಹೊರಳಾಡಿದಾಗ ಕದಡಿ ಎದ್ದು ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ. ಹೊಸ ಫಿಲ್ಟರ್ ಹಾಕಿದರೂ ಎರಡೇ ಟ್ರಿಪ್ಪಿಗೆ ಕಟ್ಟುವುದು ಇದರಿಂದಲೇ. ಟ್ಯಾಂಕಿನ ತಳದ ಬಿರಡೆ ಬಿಚ್ಚಿ ಒಂದು ಬಾಟಲಿಗೆ ಇಳಿಸಿ ಹತ್ತು ನಿಮಿಷ ಬಿಡಿ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಅರ್ಧ ಗಂಟೆಯ ಸುಳಿವಿಗೆ ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳಬೇಕು. ಮಲ್ಪೆಯಲ್ಲಿ ಒಂದು ಬೋಟಿಗೆ ಇದೇ ಕಾಯಿಲೆ. ಎಳೆಯಲು ಶುರು ಮಾಡಿ ಇಪ್ಪತ್ತು ನಿಮಿಷಕ್ಕೆ ಸೋಲುವುದು, ನಿಲ್ಲಿಸಿ ಒಂದು ಚಾ ಕುಡಿಯುವಷ್ಟರಲ್ಲಿ ಮತ್ತೆ ಸರಿಹೋಗುವುದು. ಪಂಪು ಕ್ಯಾಲಿಬ್ರೇಶನ್ ಆಯಿತು, ಆರೂ ನಾಜಲ್ ಹೊಸದಾದವು, ಕಾಯಿಲೆ ಹಾಗೇ ಉಳಿಯಿತು. ಕೊನೆಗೆ ಟ್ಯಾಂಕ್ ಖಾಲಿ ಮಾಡಿಸಿ ಟಾರ್ಚ್ ಬಿಟ್ಟಾಗ ತಳದಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ತುಂಡು ಕಂಡಿತು. ಎಣ್ಣೆ ಕ್ಯಾನಿನ ಬಾಯಿಗೆ ಕಟ್ಟಿದ್ದು ಒಳಗೆ ಬಿದ್ದಿತ್ತು. ಇಂಜಿನ್ ಜೋರಾಗಿ ಎಳೆದಾಗ ಅದು ತೇಲಿ ಬಂದು ಪೈಪಿನ ಬಾಯಿಗೆ ಕವುಚಿಕೊಳ್ಳುತ್ತಿತ್ತು. ನಿಂತಾಗ ಕಳಚಿ ಕೆಳಗೆ ಬೀಳುತ್ತಿತ್ತು. ಬೋಟು ನಡೆಸುವ ತಾಂಡೇಲರು ಆ ತುಂಡನ್ನು ಬೆರಳಲ್ಲಿ ಹಿಡಿದು ಎಷ್ಟೋ ಹೊತ್ತು ಮಾತಾಡದೆ ನಿಂತಿದ್ದರು.

ಈಗ ಆ ಪರೀಕ್ಷೆ. ಶುದ್ಧ ಡೀಸೆಲ್ ತುಂಬಿದ 20 ಲೀಟರಿನ ಕ್ಯಾನನ್ನು ಇಂಜಿನ್ನಿಗಿಂತ ಎತ್ತರದಲ್ಲಿ, ಸೈಲೆನ್ಸರಿನಿಂದ ದೂರ, ಹಗ್ಗ ಹಾಕಿ ಭದ್ರವಾಗಿ ಕಟ್ಟಿ. ಟ್ಯಾಂಕಿನಿಂದ ಬರುವ ಲೈನು ಕಳಚಿ, ಕ್ಯಾನಿನಿಂದ ಫೀಡ್ ಪಂಪಿಗೆ ಡೀಸೆಲ್ ತಾಳುವ ಪಾರದರ್ಶಕ ಪೈಪ್ ಕೊಡಿ. ಇಂಜಿನ್ನಿನಿಂದ ವಾಪಸ್ ಬರುವ ಡೀಸೆಲ್ ಲೈನನ್ನೂ ಅದೇ ಕ್ಯಾನಿಗೆ ಬಿಡಿ, ಇಲ್ಲದಿದ್ದರೆ ಕ್ಯಾನ್ ಬೇಗ ಬರಿದಾಗುತ್ತದೆ. ಏರ್ ತೆಗೆದು, ದಡದ ಹತ್ತಿರವೇ ಬಲೆ ಬಿಟ್ಟು ಮುಕ್ಕಾಲು ಗಂಟೆ ಎಳೆಯಿರಿ. ಎಳೆತ ಸರಿಯಿದ್ದರೆ ದೋಷ ಟ್ಯಾಂಕು, ಅಲ್ಲಿಂದ ಬರುವ ಪೈಪು, ಮಧ್ಯದ ನೀರು ಬೇರ್ಪಡಿಸುವ ಫಿಲ್ಟರ್ ಇಷ್ಟರೊಳಗೇ ಇದೆ. ಪಂಪು ನಿರಪರಾಧಿ. ಆಗ ಟ್ಯಾಂಕಿನ ಗಾಳಿ ತೂತು ಕಟ್ಟಿದೆಯೇ, ಹಳೆಯ ರಬ್ಬರ್ ಪೈಪಿನ ಒಳಪದರ ಎದ್ದು ಹರಿವಿಗೆ ಅಡ್ಡ ಬರುತ್ತಿದೆಯೇ ನೋಡಿ. ಹೊರಗೆ ಪೈಪ್ ಹೊಸದರಂತೆ ಕಾಣುತ್ತದೆ, ಕೊಯ್ದು ನೋಡಿದರೇ ತಿಳಿಯುವುದು.

ಕ್ಯಾನಿನಲ್ಲೂ ಎಳೆತ ಬರದಿದ್ದರೆ ಇಂಜಿನ್ ಮೇಲಿನ ಫಿಲ್ಟರ್, ಫೀಡ್ ಪಂಪು ನೋಡಿ. ಆಮೇಲೆ ಕೊನೆಯದಾಗಿ ದೊಡ್ಡ ಪಂಪು, ನಾಜಲ್. ಒಂದು ಸಲಕ್ಕೆ ಒಂದೇ ಬದಲಿಸಿ. ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ಇನ್ನೊಂದು ಮಾತು, ದಯವಿಟ್ಟು ನೆನಪಿಡಿ: ನಾಜಲ್ ಲೈನಿನ ಸೋರಿಕೆಯನ್ನು ಇಂಜಿನ್ ಓಡುವಾಗ ಕೈಯಿಂದ ಮುಟ್ಟಿ ನೋಡಬೇಡಿ. ಆ ಒತ್ತಡದಲ್ಲಿ ಬರುವ ಡೀಸೆಲ್ ಸೂಜಿಯಂತೆ ಚರ್ಮ ತೂರುತ್ತದೆ, ಬೆರಳನ್ನೇ ತೆಗೆಯಬೇಕಾಗಿ ಬರಬಹುದು.

ಕಪ್ಪು ಹೊಗೆ ಬಂದರೆ ದಾರಿ ಬೇರೆ. 6 ಲೀಟರ್ ಗಾತ್ರದ, ಟರ್ಬೊ ಇಲ್ಲದ ಇಂಜಿನ್ 1800 ಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 5000 ಲೀಟರ್ ಗಾಳಿ ಎಳೆಯುತ್ತದೆ. ಮಳೆ ಬರುತ್ತದೆಂದು ಇಂಜಿನ್ ರೂಮಿನ ಮುಚ್ಚಳ ಹಾಕಿ, ಕಿಂಡಿಗೆ ಗೋಣಿ ತುರುಕಿದರೆ ಅದು ಎಲ್ಲಿಂದ ಉಸಿರಾಡಬೇಕು? ಎಳೆಯುತ್ತಿರುವಾಗಲೇ ಮುಚ್ಚಳ ತೆಗೆದು ನೋಡಿ. ಸುತ್ತು ಏರಿತೇ? ಉತ್ತರ ಸಿಕ್ಕಿತು. ಏರದಿದ್ದರೆ ಏರ್ ಫಿಲ್ಟರ್, ಟರ್ಬೊ ಇದ್ದರೆ ಅದರ ಪೈಪಿನ ಕ್ಲಿಪ್ಪು, ಮಸಿ ಕಟ್ಟಿದ ಸೈಲೆನ್ಸರ್ ಇವನ್ನು ಸಾಲಾಗಿ ನೋಡಿ. ರಜೆಯಲ್ಲಿ ಬೋಟಿನ ಅಡಿಗೆ ಚಿಪ್ಪು ಹತ್ತಿದೆಯೇ, ಶಾಫ್ಟಿಗೆ ನೈಲಾನ್ ದಾರ ಸುತ್ತಿದೆಯೇ ಎಂದು ಮುಳುಗುವವರೊಬ್ಬರಿಂದ ನೋಡಿಸಿ.

ಈ ವರ್ಷ ಫ್ಯಾನ್, ಬಲೆ ಅಥವಾ ಬಲೆಯ ಬಾಯಿ ಅಗಲಿಸುವ ಬೋರ್ಡು ಬದಲಿಸಿದಿರಾ ಎಂದು ತಂದೆಯವರನ್ನು ಕೇಳಿ. ಬಲೆ ಎಳೆಯುವಾಗ ಬೋಟಿನ ವೇಗ ಎರಡು ಮೂರು ನಾಟ್ ಮಾತ್ರ. ಆಗ ಫ್ಯಾನ್ ಹೆಚ್ಚುಕಡಿಮೆ ನಿಂತಲ್ಲೇ ನೀರು ತಳ್ಳುತ್ತಿರುತ್ತದೆ, ಅದೇ ಸುತ್ತಿಗೆ ಖಾಲಿ ಓಟಕ್ಕಿಂತ ಹೆಚ್ಚು ಬಲ ಬೇಡುತ್ತದೆ. ಬೇಗ ಬಂದರು ಸೇರಬೇಕೆಂದು ಪಿಚ್ ಹೆಚ್ಚಿರುವ ಫ್ಯಾನ್ ಹಾಕಿಸಿದ್ದರೆ ಖಾಲಿ ಬೋಟು ಹಾರುತ್ತದೆ, ಬಲೆ ಬಿಟ್ಟಾಗ ಇಂಜಿನ್ನಿನ ಉಸಿರು ಕಟ್ಟುತ್ತದೆ. ಅಂಥ ಇಂಜಿನ್ನಿನಲ್ಲಿ ದೋಷವೇ ಇಲ್ಲ. ಫ್ಯಾನಿನ ಪಿಚ್ ಇಳಿಸಿದರೆ ಆಯಿತು.

ಕಾರಣ ತಿಳಿಯುವ ತನಕ ದೂರದ ಟ್ರಿಪ್ಪಿಗೆ ಹೋಗಬೇಡಿ ಎಂದು ತಂದೆಯವರಿಗೆ ಹೇಳಿ, ನಾನು ಹೇಳಿದೆನೆಂದೇ ಹೇಳಿ. ಬಲೆ ಎಳೆಯುವಾಗ ಇಂಜಿನ್ ಸೋತರೆ ಒಂದು ದಿನದ ಮೀನು ಹೋಗುತ್ತದೆ, ಅಷ್ಟೆ. ಸಂಜೆ ಅಳಿವೆ ಬಾಗಿಲಿನಲ್ಲಿ ತೆರೆ ಹಿಂದಿನಿಂದ ಎತ್ತುವಾಗ ಅದೇ ಇಂಜಿನ್ನಿಗೆ ಪೂರ್ತಿ ರೇಸ್ ಕೊಡಬೇಕಾಗುತ್ತದೆ. ಕ್ಯಾನಿನ ಪರೀಕ್ಷೆಯನ್ನು ಈ ವಾರವೇ ಮಾಡಿ, ಹೊಗೆಯ ಬಣ್ಣ, ಖಾಲಿ ಓಟದ ಸುತ್ತು, ಬಲೆ ಎಳೆಯುವಾಗಿನ ಸುತ್ತು, ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಕಂಡಿತೇ ಇಲ್ಲವೇ ಎಂಬುದನ್ನು ಬರೆದು ಕಳಿಸಿ. ಗುಳ್ಳೆ ಕಂಡರೆ ಪೈಪಿನ ಜೋಡಣೆಯಲ್ಲೇ ಎಲ್ಲೋ ಏರ್ ಹಿಡಿಯುತ್ತಿದೆ. ಕಳಿಸುವ ಮೊದಲೇ ಕ್ಲಿಪ್ಪುಗಳನ್ನು ಒಮ್ಮೆ ಬಿಗಿ ಮಾಡಿ ನೋಡಿ.