ಕುರಿಯ ಗುಲ್ಮ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ರಾಗಿಯ ಕೊಯ್ಲು ಮುಗಿದ ಹೊಲಗಳಲ್ಲಿ ಕುರಿಮಂದೆಗಳು ಮೇಯುವುದು ಪರಿಚಿತವಾದ ನೋಟ. ನಾಯಿಯೊಂದು ಬೊಗಳುತ್ತ ನುಗ್ಗಿದರೆ ಮಂದೆಯೆಲ್ಲ ದಿಕ್ಕೆಟ್ಟು ಓಡುತ್ತದೆ. ಓಟ ಕಣ್ಣಿಗೆ ಕಾಣುತ್ತದೆ. ಅದೇ ಗಳಿಗೆಯಲ್ಲಿ ಕುರಿಯ ರಕ್ತದಲ್ಲಾಗುವ ಬದಲಾವಣೆ ಕಾಣುವುದಿಲ್ಲ.

ಕುರಿಯ ಎಡಪಾರ್ಶ್ವದಲ್ಲಿ, ದೊಡ್ಡ ಹೊಟ್ಟೆಗೆ ಅಂಟಿಕೊಂಡಂತೆ, ಚಪ್ಪಟೆಯಾದ ತ್ರಿಕೋನಾಕಾರದ ಅಂಗವೊಂದಿದೆ. ಅದೇ ಗುಲ್ಮ. ಮುಪ್ಪಾದ ರಕ್ತಕಣಗಳನ್ನು ಸೋಸುವುದು, ರೋಗಾಣುಗಳನ್ನು ಎದುರಿಸುವುದು ಅದರ ಕೆಲಸಗಳು. ಇವಲ್ಲದೆ, ಹಿಂದಿನ ರೈತರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದಂತೆ, ಕುರಿಯ ಗುಲ್ಮವು ಕೆಂಪು ರಕ್ತಕಣಗಳನ್ನು ಕೂಡಿಡುತ್ತದೆ. ವಿಶ್ರಾಂತಿಯಲ್ಲಿರುವ ಕುರಿಯ ಕೆಂಪುಕಣಗಳಲ್ಲಿ ಸುಮಾರು ಕಾಲುಭಾಗದವರೆಗೆ ಅಲ್ಲಿ ಸಂಗ್ರಹವಾಗಿರಬಲ್ಲವು. ಗುಲ್ಮವು ರಕ್ತದ ಉಗ್ರಾಣವೆಂಬುದನ್ನು 1920ರ ದಶಕದಲ್ಲಿ ಕೇಂಬ್ರಿಜ್ಜಿನ ಜೋಸೆಫ್ ಬಾರ್‌ಕ್ರಾಫ್ಟ್ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು.

ಕುರಿ ಬೆದರಿದಾಗ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರುತ್ತದೆ. ನರಗಳೂ ಗುಲ್ಮಕ್ಕೆ ಸೂಚನೆ ಕೊಡುತ್ತವೆ. ಗುಲ್ಮದ ಹೊದಿಕೆಯಲ್ಲಿರುವ ಸ್ನಾಯುಗಳು ಬಿಗಿದು, ಹಿಂಡಿದ ಬಟ್ಟೆಯಿಂದ ನೀರು ಇಳಿಯುವಂತೆ, ಸಂಗ್ರಹದ ಕಣಗಳು ರಕ್ತನಾಳಗಳಿಗೆ ನುಗ್ಗುತ್ತವೆ. ಆಮ್ಲಜನಕವನ್ನು ಹೊರುವ ಕಣಗಳು ಹೆಚ್ಚುವುದರಿಂದ ಓಡುವ ಕುರಿಗೆ ಇದು ಉಪಕಾರಿ. ಮನುಷ್ಯನ ಗುಲ್ಮದಲ್ಲಿ ಇಂಥ ಸಂಗ್ರಹ ಬಹಳ ಕಡಮೆ.

ಆದರೆ ಪಶುವೈದ್ಯನಿಗೆ ಇದೇ ಒಂದು ತೊಡಕು. ಕುರಿಯ ರಕ್ತವನ್ನು ಸಣ್ಣ ಗಾಜಿನ ನಳಿಗೆಯಲ್ಲಿ ವೇಗವಾಗಿ ತಿರುಗಿಸಿದರೆ ಕಣಗಳು ತಳಕ್ಕೆ ಇಳಿಯುತ್ತವೆ. ಆರೋಗ್ಯವಂತ ಕುರಿಯಲ್ಲಿ ಇವು ನೂರಕ್ಕೆ ಸುಮಾರು 27ರಿಂದ 45 ಭಾಗ. ಮಳೆಗಾಲದಲ್ಲಿ ಕುರಿಗಳನ್ನು ಕಾಡುವ ಹಿಮಾಂಕಸ್ ಎಂಬ ಜಂತುಹುಳು ನಾಲ್ಕನೆಯ ಹೊಟ್ಟೆಯಲ್ಲಿ ಕುಳಿತು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಹೀರುವುದು ಸುಮಾರು 0.05 ಮಿಲಿಲೀಟರು ಮಾತ್ರ. ಸಾವಿರ ಹುಳುಗಳಿದ್ದರೆ 50 ಮಿಲಿಲೀಟರು! ಅಂಥ ಕುರಿಯ ಕಣಗಳ ಪ್ರಮಾಣ 25ಕ್ಕೆ ಇಳಿದಿದೆಯೆಂದು ಭಾವಿಸೋಣ. ಅದನ್ನು ಅಟ್ಟಾಡಿಸಿ, ಕಾಲು ಹಿಡಿದೆಳೆದು ರಕ್ತ ತೆಗೆದರೆ ಲೆಕ್ಕ 29 ಎಂದು ಬರಬಹುದು. ಕಾಗದದ ಮೇಲೆ ಕುರಿ ಆರೋಗ್ಯವಾಗಿದೆ. ರೊಪ್ಪದಲ್ಲಿ ಅದು ಸೊರಗುತ್ತಲೇ ಇದೆ. ಔಷಧಿ ಬೀಳಬೇಕಾದ ಕುರಿ ಹೀಗೆ ತಪ್ಪಿಹೋಗುತ್ತದೆ.

ಆದ್ದರಿಂದ ತಿಳಿದವರು ಕುರಿಯನ್ನು ಮಂದೆಯಿಂದ ಒಂಟಿಯಾಗಿ ದೂರ ಎಳೆಯುವುದಿಲ್ಲ. ಪರಿಚಿತ ಕುರಿಗಾಹಿಯ ಕೈಯಿಂದಲೇ ಮೆಲ್ಲನೆ ಹಿಡಿಸುತ್ತಾರೆ. ಅದು ಬೆದರಿದ್ದರೆ ಕಾಯುತ್ತಾರೆ. ಅಂಜಿಕೆ ಇಳಿದ ಮೇಲೆ ಗುಲ್ಮ ಸಡಿಲಗೊಂಡು, ಹೊರಕ್ಕೆ ಕಳುಹಿಸಿದ್ದ ಕಣಗಳನ್ನು ಮತ್ತೆ ತುಂಬಿಕೊಳ್ಳುತ್ತದೆ. ಆಗ ತೆಗೆದ ರಕ್ತದಲ್ಲಿ ಕುರಿಯ ನಿಜಸ್ಥಿತಿ ಕಾಣುತ್ತದೆ.